ಕಾಡು ಯಾರದು, ಕಾಸು ಯಾರದು?



ಬರುವ ಬೇಸಿಗೆಯ ವನಭೋಜನದಲ್ಲಿ ಕೆರೆಯ ದಂಡೆಯ ಮೇಲೆ ಒಂದು ಮೇಜನ್ನಿಟ್ಟು, ಮೀನು ಹಿಡಿಯುವ ಪರವಾನಗಿ ಎಂದರೇನು, ಅದನ್ನು ಪಡೆಯುವುದು ಹೇಗೆ, ರಾಜ್ಯದ ವನ್ಯಜೀವಿ ಇಲಾಖೆ ಯಾವ ಯಾವ ಸೇವೆಗಳನ್ನು ಒದಗಿಸುತ್ತದೆ ಎಂಬುದನ್ನು ಸದಸ್ಯರಿಗೆ ತಿಳಿಸಿಕೊಡಬೇಕೆಂದು ನಾವು ಕೆಲವು ಸ್ವಯಂಸೇವಕರು ಸೂಚಿಸಿದ್ದೆವು. ಸೂಚನೆ ಚಿಕ್ಕದು, ಅದಕ್ಕೆ ಬಂದ ಆಕ್ಷೇಪಣೆಗಳು ಚಿಕ್ಕವಾಗಿರಲಿಲ್ಲ. “ಇದು ನಮ್ಮ ಸಂಸ್ಕೃತಿಯಲ್ಲ” ಎಂದರು ಕೆಲವರು. “ಬೇಟೆಗಾರರ ಇಲಾಖೆಗೂ ಕನ್ನಡ ಸಂಘಕ್ಕೂ ಏನು ಸಂಬಂಧ?” ಎಂದರು ಇನ್ನು ಕೆಲವರು. “ಬಂದೂಕಿನವರ ಸಹವಾಸ ನಮಗೆ ಬೇಡ, ನಾವು ತೆರಿಗೆ ಕಟ್ಟುತ್ತೇವೆ, ಅಷ್ಟು ಸಾಕು” ಎಂಬ ಮಾತೂ ಬಂತು. ಹೀಗೆ ಹೇಳಿದವರೆಲ್ಲ ನಮ್ಮ ಆತ್ಮೀಯರೇ. ಆದರೆ ಈ ಮೂರೂ ಮಾತುಗಳು ತಪ್ಪು ತಿಳಿವಳಿಕೆಯಿಂದ ಹುಟ್ಟಿದವು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಸೌಜನ್ಯದ ಹೆಸರಿನಲ್ಲಿ ಸುಮ್ಮನಿರುವುದಕ್ಕಿಂತ ಬಹಿರಂಗವಾಗಿ ಉತ್ತರಿಸುವುದೇ ಲೇಸೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಸೂಚನೆಯ ಹಿಂದಿದ್ದ ಪ್ರಸಂಗವನ್ನು ಮೊದಲು ನೆನಪಿಸಬೇಕು. ಹಿಂದಿನ ಒಂದು ವನಭೋಜನದಲ್ಲಿ, ಬಿಸಿಬೇಳೆ ಭಾತಿನ ಪಾತ್ರೆಗಳು ಖಾಲಿಯಾಗುತ್ತಿದ್ದ ಹೊತ್ತಿನಲ್ಲಿ, ನಮ್ಮವರೇ ಇಬ್ಬರು ಗಾಳ ಹಾಕಿ ಕುಳಿತಿದ್ದರು. ಸಮವಸ್ತ್ರದ ಅಧಿಕಾರಿಯೊಬ್ಬರು ಬಂದು ವಿನಯದಿಂದಲೇ ಪರವಾನಗಿ ಕೇಳಿದರು. ಇರಲಿಲ್ಲ. “ಮಕ್ಕಳಿಗಾಗಿ ಹಿಡಿದುಕೊಂಡಿದ್ದೆವು” ಎಂಬ ಸಮಜಾಯಿಷಿ ಹೊರಟಿತು. ಮಕ್ಕಳು ಆಟದ ಬಯಲಿನಲ್ಲಿದ್ದರು. ಅಧಿಕಾರಿ ಎಚ್ಚರಿಕೆ ಕೊಟ್ಟು ಹೋದರು. ಅವರು ಮರೆಯಾದ ಮೇಲೆ ನಮ್ಮ ಹಿರಿಯರೊಬ್ಬರು, “ಒಂದು ಮೀನಿಗೆ ಇಷ್ಟೊಂದು ಕಾಯಿದೆಯೇ?” ಎಂದು ನಕ್ಕರು. ನಾವೂ ನಕ್ಕೆವು. ಆ ನಗುವಿನ ಬಗ್ಗೆ ಇಂದು ನಮಗೆ ನಾಚಿಕೆಯಿದೆ. ಏಕೆಂದರೆ ಆ ಕೆರೆಯಲ್ಲಿ ಮೀನಿರುವುದೇ ಆ ಕಾಯಿದೆಯಿಂದ. ಅದರ ಖರ್ಚನ್ನು ಹೊತ್ತವರು ನಾವು ಯಾರನ್ನು ನೋಡಿ ಮೂಗು ಮುರಿಯುತ್ತೇವೆಯೋ ಅವರೇ.

ಇತಿಹಾಸವನ್ನು ಸ್ವಲ್ಪ ನೋಡೋಣ. ಅಮೆರಿಕದಲ್ಲಿ ಕಾಡುಪ್ರಾಣಿಗಳನ್ನು ಹೇಳುವವರು ಕೇಳುವವರಿಲ್ಲದೆ ಕೊಂದು ಮಾರುಕಟ್ಟೆಗೆ ತಂದು ಮಾರುತ್ತಿದ್ದ ಕಾಲವೊಂದಿತ್ತು. ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಸಂತತಿಯ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ನಮ್ಮಲ್ಲಿ ಅನೇಕರು ಮನೆ ಕಟ್ಟಿಕೊಂಡಿರುವ ಕೆರೊಲಿನಾದ ಹೆಸರನ್ನೇ ಹೊತ್ತಿದ್ದ ಹಸಿರು ಗಿಳಿ, ಕೆರೊಲಿನಾ ಪ್ಯಾರಕೀಟ್, ಅದೇ ಮೃಗಾಲಯದಲ್ಲಿ 1918ರಲ್ಲಿ ಕಣ್ಮರೆಯಾಯಿತು. ಗಿಳಿಯಿಲ್ಲದ ತೋಟವನ್ನು ಕನ್ನಡಿಗನು ಊಹಿಸಿಕೊಳ್ಳಲಾರ. ಆದರೆ ನಾವಿಂದು ಬದುಕುತ್ತಿರುವುದು ತನ್ನ ಗಿಳಿಯನ್ನು ಕಳೆದುಕೊಂಡ ನಾಡಿನಲ್ಲಿ.

ಆ ನಷ್ಟದ ಬಳಿಕ ಬಂದದ್ದು 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ. ಬೇಟೆಯ ಕೋವಿಗಳ ಮೇಲೂ ಮದ್ದುಗುಂಡುಗಳ ಮೇಲೂ ಶೇಕಡಾ 11ರಷ್ಟು ಉತ್ಪಾದನಾ ಸುಂಕ ವಿಧಿಸಿ, ಅದನ್ನು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚುವ ವ್ಯವಸ್ಥೆಯಿದು. ಮುಂದೆ ಪಿಸ್ತೂಲುಗಳೂ ಬಿಲ್ಲುಬಾಣಗಳೂ ಇದರ ವ್ಯಾಪ್ತಿಗೆ ಬಂದವು. 1950ರಲ್ಲಿ ಡಿಂಗೆಲ್–ಜಾನ್ಸನ್ ಕಾಯಿದೆಯು ಇದೇ ಮಾದರಿಯನ್ನು ಗಾಳ, ರಾಟೆ ಮೊದಲಾದ ಮೀನುಗಾರಿಕೆಯ ಸಲಕರಣೆಗಳಿಗೆ ವಿಸ್ತರಿಸಿತು. ಸಾಮಾನ್ಯವಾಗಿ ರಾಜ್ಯವು ಒಂದು ಡಾಲರ್ ಹೊಂದಿಸಿದರೆ ಒಕ್ಕೂಟ ಸರಕಾರ ಮೂರು ಡಾಲರ್ ಕೊಡುತ್ತದೆ. ಆ ಒಂದು ಡಾಲರ್ ಬಹುಮಟ್ಟಿಗೆ ಪರವಾನಗಿ ಶುಲ್ಕದಿಂದ ಬರುತ್ತದೆ. ಪರವಾನಗಿಯ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸಿದ ರಾಜ್ಯಕ್ಕೆ ಈ ನೆರವು ದೊರೆಯದು. ರಸ್ತೆಗೂ ಕಟ್ಟಡಕ್ಕೂ ಕೈಹಾಕಲಾಗದಂತೆ ಕಾಡಿನ ಹಣಕ್ಕೆ ಹಾಕಿದ ಬೀಗವಿದು.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ವಾದವೆಲ್ಲ ಅದರ ಮೇಲೆ ನಿಂತಿದೆ. ವನ್ಯಜೀವಿ ಪುನರುಜ್ಜೀವನದ ಹಣ ಯಾವ ರಾಜ್ಯಕ್ಕೆ ಎಷ್ಟು ಎಂಬುದು ಅರ್ಧ ಆ ರಾಜ್ಯದ ವಿಸ್ತೀರ್ಣವನ್ನೂ ಅರ್ಧ ಅಲ್ಲಿ ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆಯನ್ನೂ ಅವಲಂಬಿಸಿದೆ. ಮೀನಿನ ಹಣದಲ್ಲಿ ಪರವಾನಗಿದಾರರ ತೂಕ ಇನ್ನೂ ಹೆಚ್ಚು, ಶೇಕಡಾ 60. ಗಾಳ ನೀರಿಗಿಳಿಯಿತೇ, ಮೀನು ಬಿತ್ತೇ ಎಂದು ಯಾರೂ ಕೇಳುವುದಿಲ್ಲ. ಹಣ ಕೊಟ್ಟು ಪರವಾನಗಿ ಪಡೆದವನು ಲೆಕ್ಕಕ್ಕೆ ಬರುತ್ತಾನೆ, ಪಡೆಯದವನು ಬರುವುದಿಲ್ಲ. ಅಂದರೆ ಜೀವಮಾನದಲ್ಲಿ ಮೀನು ಮುಟ್ಟದ ಶುದ್ಧ ಸಸ್ಯಾಹಾರಿಯೂ ಮೀನಿನ ಪರವಾನಗಿ ಕೊಂಡರೆ ತನ್ನ ರಾಜ್ಯದ ನದಿ ಕೆರೆಗಳಿಗೆ ನೆರವಾಗುತ್ತಾನೆ. ಇದರ ವೆಚ್ಚ ಒಂದು ಕುಟುಂಬ ಚಿತ್ರಮಂದಿರಕ್ಕೆ ಹೋಗಿಬರುವ ಖರ್ಚಿಗಿಂತ ಕಡಿಮೆ.

ಈ ಹಣ ಎಲ್ಲಿಗೆ ಹೋಯಿತು ಎಂದು ಕೇಳುವವರು ತಮ್ಮ ಮನೆಯ ಸುತ್ತ ನೋಡಲಿ. ಉತ್ತರ ವರ್ಜೀನಿಯಾದ ಕನ್ನಡಿಗರಿಗೆ ಚಿರಪರಿಚಿತವಾದ ಬರ್ಕ್ ಲೇಕ್‌ನ ದಂಡೆಯ ಉದ್ಯಾನವು ಕೌಂಟಿಯದು. 218 ಎಕರೆಯ ಕೆರೆ ಮಾತ್ರ ರಾಜ್ಯದ ವನ್ಯಜೀವಿ ಇಲಾಖೆಯದು. ಅಟ್ಲಾಂಟಾದ ಉತ್ತರಕ್ಕೆ, ಫೋರ್ಸೈತ್ ಕೌಂಟಿಯಲ್ಲಿ ನಮ್ಮವರ ಮನೆಗಳ ನೆರೆಯಲ್ಲೇ, ಜಾರ್ಜಿಯಾದ ಇಲಾಖೆ ಬ್ಯೂಫರ್ಡ್ ಟ್ರೌಟ್ ಮರಿಕೇಂದ್ರವನ್ನು ನಡೆಸುತ್ತದೆ. ಲೇನಿಯರ್ ಸರೋವರದ ಅಣೆಕಟ್ಟೆಯ ತಳದಿಂದ ಹೊರಬರುವ ತಣ್ಣೀರಿನಿಂದಾಗಿ ಚಟ್ಟಹೂಚಿ ನದಿಯಲ್ಲಿ ಟ್ರೌಟ್ ಬದುಕುತ್ತದೆ. ಆದರೆ ಆ ಮೀನು ಅಲ್ಲಿಯ ಮೂಲನಿವಾಸಿಯಲ್ಲ, ತಂದು ಬಿಟ್ಟದ್ದು. ಕ್ಯಾರಿ, ಮಾರಿಸ್‌ವಿಲ್‌ಗಳ ನಮ್ಮವರು ಹದ್ದುಗಳನ್ನು ನೋಡಲು ಹೋಗುವ ಜಾರ್ಡನ್ ಲೇಕ್‌ನ ಸುತ್ತಲಿನ ಕಾಡಿನ ಬಹುಭಾಗವನ್ನು ‘ಗೇಮ್ ಲ್ಯಾಂಡ್’ ಎಂಬ ಹೆಸರಿನಲ್ಲಿ ನಾರ್ತ್ ಕೆರೊಲಿನಾದ ವನ್ಯಜೀವಿ ಆಯೋಗ ನೋಡಿಕೊಳ್ಳುತ್ತದೆ. ನಾವು ದೂರದರ್ಶಕ ಹಿಡಿದು ನಿಲ್ಲುವ ಜಾಗ ಬೇಟೆಗಾರನಿಗಾಗಿ ಉಳಿಸಿದ್ದು. ಅದರಿಂದ ಹದ್ದಿಗೂ ನೆಲೆ ಸಿಕ್ಕಿತು, ನಮಗೂ ಸಂತೋಷ ಸಿಕ್ಕಿತು.

“ನಾವು ತೆರಿಗೆ ಕಟ್ಟುತ್ತೇವಲ್ಲ” ಎನ್ನುವವರಿಗೆ ಉತ್ತರ ಇದರಲ್ಲೇ ಇದೆ. ಹೆಚ್ಚಿನ ರಾಜ್ಯಗಳಲ್ಲಿ ಈ ಇಲಾಖೆಗಳ ಆದಾಯದ ದೊಡ್ಡ ಪಾಲು ನಮ್ಮ ಆದಾಯ ತೆರಿಗೆಯಿಂದ ಬರುವುದಿಲ್ಲ. ಪರವಾನಗಿಯಿಂದ ಮತ್ತು ಮೇಲೆ ಹೇಳಿದ ಸುಂಕದಿಂದ ಬರುತ್ತದೆ. ಇದಕ್ಕೆ ಅಪವಾದಗಳುಂಟು. ಮಿಸೌರಿಯ ಮತದಾರರು 1976ರಲ್ಲೇ ಮಾರಾಟ ತೆರಿಗೆಯ ಒಂದು ಸಣ್ಣ ಅಂಶವನ್ನು ವನ್ಯಸಂಪತ್ತಿಗೆ ಮೀಸಲಿಟ್ಟರು. ಜಾರ್ಜಿಯಾದ ಮತದಾರರು 2018ರಲ್ಲಿ ಹೊರಾಂಗಣ ಕ್ರೀಡಾ ಸಾಮಗ್ರಿಗಳ ಮಾರಾಟ ತೆರಿಗೆಯ ಒಂದು ಭಾಗವನ್ನು ಭೂಮಿಯ ಸಂರಕ್ಷಣೆಗೆ ಕೊಡಲು ಒಪ್ಪಿದರು. ಆದರೆ ಇಡೀ ದೇಶಕ್ಕೆ ಅನ್ವಯಿಸಬಹುದಾಗಿದ್ದ ‘ರಿಕವರಿಂಗ್ ಅಮೆರಿಕಾಸ್ ವೈಲ್ಡ್‌ಲೈಫ್ ಆ್ಯಕ್ಟ್’ 2022ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿಯೂ ಸೆನೆಟ್ಟಿನಲ್ಲಿ ಮುಗ್ಗರಿಸಿತು. 2016ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಬೇಟೆಯಾಡಿದವರು ಸುಮಾರು 1.15 ಕೋಟಿ, ಮೀನು ಹಿಡಿದವರು 3.58 ಕೋಟಿ, ಪ್ರಾಣಿಪಕ್ಷಿಗಳನ್ನು ನೋಡಿ ನಲಿದವರು 8.6 ಕೋಟಿ. ನಾವು ಈ ಮೂರನೆಯ ಗುಂಪಿನವರು. ಉಣ್ಣುವವರ ಪಂಕ್ತಿ ಬಹು ಉದ್ದ, ಅಡುಗೆಯ ಖರ್ಚು ಕೊಡುವವರ ಸಾಲು ಗಿಡ್ಡ.

ಈಗ ಸಂಸ್ಕೃತಿಯ ಮಾತಿಗೆ ಬರೋಣ. ಬೇಟೆ ನಮ್ಮದಲ್ಲ ಎನ್ನುವವರು ಯಾವ ಕನ್ನಡ ನಾಡಿನ ಮಾತನ್ನಾಡುತ್ತಿದ್ದಾರೆ? ಮದ್ದೂರಿನ ಬಳಿಯ ಆತಕೂರಿನ ಹತ್ತನೆಯ ಶತಮಾನದ ಶಾಸನವನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ಓದಿದವರು ಇಲ್ಲಿ ಎಷ್ಟೋ ಮಂದಿ ಇರಬೇಕು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಯೋಧ ‘ಬೇಕಾದುದನ್ನು ಕೇಳು’ ಎಂಬ ಮಾತಿಗೆ ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಾಗ, ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿಯ ದತ್ತಿ ದೊರೆಯಿತು. ಶಿವನಿಗೆ ಮಾಂಸವನ್ನು ನೈವೇದ್ಯ ಮಾಡಿದ ಬೇಡರ ಕಣ್ಣಪ್ಪನನ್ನು ನಾವು ಭಕ್ತನೆಂದು ಪೂಜಿಸುತ್ತೇವೆ. ಅವನ ಕಥೆಯ ಚಿತ್ರದಿಂದಲೇ 1954ರಲ್ಲಿ ರಾಜ್‌ಕುಮಾರ್ ನಾಯಕನಟರಾದರು. ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲುತ್ತದೆ. ಅದೇ ಕೊಡಗು ಕಾರ್ಯಪ್ಪ, ತಿಮ್ಮಯ್ಯರನ್ನು ಸೇನೆಗೆ ಕೊಟ್ಟಿತು. ಕುವೆಂಪು ಅವರು ಮಲೆನಾಡಿನ ಬೇಟೆಯ ಚಿತ್ರಗಳನ್ನು ಬರೆದರು. ತೇಜಸ್ವಿಯವರು ಗಾಳ ಹಿಡಿದು ಕುಳಿತದ್ದನ್ನು ಅರಿಯದ ಕನ್ನಡ ಓದುಗರಿಲ್ಲ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವುದೂ ನಮ್ಮದೇ. ಎರಡೂ ನಮ್ಮವು. ಒಂದನ್ನು ಮಾತ್ರ ಆರಿಸಿಕೊಂಡು ‘ಇದೇ ಸಂಸ್ಕೃತಿ’ ಎನ್ನುವುದು ನಮ್ಮೊಳಗಿನ ಅನೇಕ ಮನೆತನಗಳನ್ನೂ ಅಡುಗೆಮನೆಗಳನ್ನೂ ಸಂಘದ ಬಾಗಿಲಿನಿಂದ ಹೊರಗಿಟ್ಟಂತೆ.

ಬೇಟೆಯನ್ನು ನಾವು ವೈಭವೀಕರಿಸುತ್ತಿಲ್ಲ. ಭಾರತವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂಲಕ ಬೇಟೆಯ ಬಾಗಿಲು ಮುಚ್ಚಿದ್ದು ಅಲ್ಲಿಯ ಸ್ಥಿತಿಗೆ ಸರಿಯಾದ ನಿರ್ಧಾರ. ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿಯ ಆಶ್ರಯವಾದದ್ದು ನಮ್ಮೆಲ್ಲರ ಹೆಮ್ಮೆ. ಆದರೆ ಬಂಡೀಪುರದಲ್ಲಿ ಜಿಂಕೆಯ ಲೆಕ್ಕವನ್ನು ಹುಲಿ, ಚಿರತೆ, ಕಾಡುನಾಯಿಗಳು ನೋಡಿಕೊಳ್ಳುತ್ತವೆ. ವರ್ಜೀನಿಯಾ, ಮೇರಿಲ್ಯಾಂಡ್‌ಗಳ ಬಡಾವಣೆಗಳಲ್ಲಿ ಆ ಕೆಲಸವನ್ನು ಮಾಡುತ್ತಿದ್ದ ತೋಳವೂ ಕೂಗರ್ ಕೂಡ ಇಲ್ಲವಾಗಿವೆ. 1900ರ ಸುಮಾರಿಗೆ ದೇಶದಲ್ಲಿ ಐದು ಲಕ್ಷಕ್ಕೂ ಕಡಿಮೆಯಿದ್ದವೆಂದು ಅಂದಾಜಿಸಲಾದ ಬಿಳಿಬಾಲದ ಜಿಂಕೆಗಳು ಇಂದು ಸುಮಾರು ಮೂರು ಕೋಟಿ. ಅವು ಕಾಡಿನ ಎಳೆಯ ಸಸಿಗಳನ್ನು ಮೇಯುತ್ತ ಹೋದರೆ ನಾಳೆಯ ಕಾಡೇ ಇರದು. ಆದುದರಿಂದಲೇ ವಾಷಿಂಗ್ಟನ್ ನಗರದ ನಡುವಿನ ರಾಕ್ ಕ್ರೀಕ್ ಪಾರ್ಕಿನಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ 2013ರಿಂದ ಜಿಂಕೆಗಳ ಸಂಖ್ಯೆಯನ್ನು ಇಳಿಸುತ್ತ ಬಂದಿದೆ. ಫೇರ್‌ಫ್ಯಾಕ್ಸ್ ಕೌಂಟಿಯ ಉದ್ಯಾನಗಳಲ್ಲಿ ಬಿಲ್ಲುಗಾರರಿಗೆ ನಿಯಮಬದ್ಧ ಅವಕಾಶವಿದೆ. ವರ್ಜೀನಿಯಾದಲ್ಲಿ 1991ರಿಂದ ‘ಹಂಟರ್ಸ್ ಫಾರ್ ದ ಹಂಗ್ರಿ’ ಸಂಸ್ಥೆಯ ಮೂಲಕ ಬೇಟೆಯ ಮಾಂಸ ಹಸಿದವರ ತಟ್ಟೆ ಸೇರುತ್ತಿದೆ. ಹಿತ್ತಲಿನ ಗುಲಾಬಿಯನ್ನು ಜಿಂಕೆ ಮೇಯ್ದಾಗ ಶಪಿಸಿ, ಹೆದ್ದಾರಿಯಲ್ಲಿ ಕಾರಿಗೆ ಜಿಂಕೆ ಸಿಕ್ಕಾಗ ವಿಮೆಗೆ ಅರ್ಜಿ ಹಾಕಿ, ಬೇಟೆಗಾರನನ್ನು ಕಂಡಾಗ ಮಾತ್ರ ಅಹಿಂಸೆಯನ್ನು ನೆನೆಯುವುದು ಧರ್ಮವಲ್ಲ, ಅನುಕೂಲ.

ಬಂದೂಕಿನ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಶಾಲೆಗಳಲ್ಲಿ ‘ಲಾಕ್‌ಡೌನ್’ ಅಭ್ಯಾಸ ಮಾಡಿ ಮನೆಗೆ ಬರುವ ಮಕ್ಕಳ ತಂದೆತಾಯಿಗಳು ನಾವೂ ಹೌದು. ನಮ್ಮ ಮೇಜಿನ ಮೇಲೆ ಬಂದೂಕು ಇರುವುದಿಲ್ಲ. ಮೀನಿನ ಪರವಾನಗಿಗೂ ಬಂದೂಕಿಗೂ ಸಂಬಂಧವಿಲ್ಲ. ತಾತ್ಕಾಲಿಕ ವೀಸಾದ ಮೇಲಿರುವವರಿಗೆ ಬಂದೂಕಿನ ವಿಷಯದಲ್ಲಿ ಒಕ್ಕೂಟದ ಕಾನೂನು ಬಹು ಕಠಿಣವಾಗಿದೆ ಎಂಬುದನ್ನೂ ಇಲ್ಲೇ ಎಚ್ಚರಿಸುತ್ತೇವೆ. ವಕೀಲರ ಸಲಹೆಯಿಲ್ಲದೆ ಯಾರೂ ಅತ್ತ ಹೆಜ್ಜೆಯಿಡಬಾರದು. ಆದರೆ ಒಂದು ಅಪ್ರಿಯ ಸತ್ಯವನ್ನು ಹೇಳಲೇಬೇಕು. ಇಂದು ಪಿಟ್‌ಮನ್–ರಾಬರ್ಟ್‌ಸನ್ ಸುಂಕವು ಬೇಟೆಗೆಂದೇ ಕೊಂಡ ಕೋವಿಯಿಂದ ಮಾತ್ರವಲ್ಲ, ಬೇಟೆಗೆ ಸಂಬಂಧವೇ ಇಲ್ಲದ ಪಿಸ್ತೂಲುಗಳ ಮಾರಾಟದಿಂದಲೂ ಬರುತ್ತದೆ. ಬಂದೂಕಿನ ವ್ಯಾಪಾರ ಏರಿದರೆ ಹಕ್ಕಿಗಳಿಗೆ ಹಣ, ಇಳಿದರೆ ಕೊರತೆ. ಈ ಅವಲಂಬನೆ ಯಾರಿಗೆ ಅಸಹ್ಯವೆನಿಸುತ್ತದೆಯೋ ಅವರೇ ಮೊದಲು ಮುಂದೆ ಬಂದು ಬೇರೆ ದಾರಿಯಿಂದ ಹಣ ಕೊಡಬೇಕು. ದೂರ ನಿಂತು ಮುಖ ತಿರುಗಿಸಿದರೆ ಅವಲಂಬನೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಇನ್ನು ಸೈನಿಕರ ವಿಷಯ. ಈ ಇಲಾಖೆಗಳು ಯೋಧರಿಗೆ ವಿಶೇಷ ಸೌಲಭ್ಯ ಕೊಡುತ್ತವೆ ಎಂದಾಗ ‘ಇದೂ ಒಂದು ರಾಜಕೀಯವೇ’ ಎಂಬ ಗೊಣಗಾಟ ನಮ್ಮ ಕಿವಿಗೆ ಬಿತ್ತು. ವರ್ಜೀನಿಯಾ, ಜಾರ್ಜಿಯಾ, ನಾರ್ತ್ ಕೆರೊಲಿನಾಗಳಲ್ಲಿ ಬೇರೆ ರಾಜ್ಯದಿಂದ ವರ್ಗವಾಗಿ ಬಂದು ಅಲ್ಲಿ ನಿಯುಕ್ತನಾದ ಸೈನಿಕನಿಗೆ ಸ್ಥಳೀಯ ನಿವಾಸಿಯ ದರದಲ್ಲೇ ಪರವಾನಗಿ ದೊರೆಯುತ್ತದೆ. ಗಾಯಗೊಂಡು ಅಂಗವಿಕಲರಾದ ಮಾಜಿ ಯೋಧರಿಗೆ ರಿಯಾಯಿತಿಗಳುಂಟು. ಇದು ಕೃಪೆಯಲ್ಲ, ಪರಸ್ಪರ ಸಂಬಂಧ. 1960ರ ಸೈಕ್ಸ್ ಕಾಯಿದೆಯ ಅಡಿಯಲ್ಲಿ ಸೇನಾ ನೆಲೆಗಳ ಕಾಡು ನೀರುಗಳನ್ನು ರಾಜ್ಯದ ಇಲಾಖೆಗಳ ಸಹಕಾರದಿಂದಲೇ ನೋಡಿಕೊಳ್ಳಲಾಗುತ್ತದೆ. ನಾರ್ತ್ ಕೆರೊಲಿನಾದ ಫೋರ್ಟ್ ಬ್ರ್ಯಾಗ್‌ನ ಉದ್ದೆಲೆಯ ಪೈನ್ ಕಾಡು ಇದಕ್ಕೆ ಸಾಕ್ಷಿ. ಕೆಂಪು ತುರಾಯಿಯ ಪುಟ್ಟ ಮರಕುಟಿಗವೊಂದನ್ನು ಉಳಿಸಲು ತರಬೇತಿಗೆ ನಿರ್ಬಂಧ ಬಂದಾಗ ಸೇನೆಗೂ ಸಂರಕ್ಷಕರಿಗೂ ತಿಕ್ಕಾಟವಾಗಿತ್ತು. ಮುಂದೆ ಇಬ್ಬರೂ ಕೈಜೋಡಿಸಿ ಸುತ್ತಲಿನ ಭೂಮಿಯನ್ನೂ ಉಳಿಸಿದರು. 2006ರ ಹೊತ್ತಿಗೆ ಅಲ್ಲಿಯ ಮರಕುಟಿಗಗಳ ಸಂಖ್ಯೆ ಚೇತರಿಕೆಯ ಗುರಿ ಮುಟ್ಟಿತು. 2024ರಲ್ಲಿ ಆ ಹಕ್ಕಿಯನ್ನು ವಿನಾಶದ ಅಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಮೇಲಕ್ಕೆ ತರಲಾಯಿತು. ಯುದ್ಧಾಭ್ಯಾಸದ ನೆಲದಲ್ಲಿ ಹಕ್ಕಿ ಗೂಡು ಕಟ್ಟಿದೆ. ಮೊನ್ನೆ ಬಂದ ಸೈನಿಕ ಗಾಳ ಹಿಡಿದು ಈ ನಾಡಿನವನಾಗುತ್ತಾನೆ. ಇಪ್ಪತ್ತು ವರ್ಷದಿಂದ ಮನೆ ಮಾಡಿಕೊಂಡಿರುವ ನಾವು ಪಕ್ಕದ ಹೊಳೆಯ ಹೆಸರನ್ನೂ ತಿಳಿಯದೆ ‘ನಮ್ಮೂರಿನ ಹೊಳೆ ಹೀಗಿರಲಿಲ್ಲ’ ಎಂದು ಹಲುಬುತ್ತೇವೆ.

ಇಲಾಖೆಗಳಲ್ಲೂ ದೋಷವಿಲ್ಲವೆಂದಲ್ಲ. ಹಣ ಕೊಡುವವರ ಮಾತಿಗೆ ಬೆಲೆ ಹೆಚ್ಚು ಎಂಬುದು ಎಲ್ಲೆಡೆಯಂತೆ ಇಲ್ಲಿಯೂ ನಿಜ. ಬೇಟೆಗೊದಗುವ ಜಿಂಕೆ, ಟರ್ಕಿ ಕೋಳಿಗಳಿಗೆ ಸಿಕ್ಕ ಗಮನ ಕಪ್ಪೆಗೆ, ಆಮೆಗೆ, ಚಿಟ್ಟೆಗೆ ಸಿಕ್ಕಿಲ್ಲ. ಅವರ ಪ್ರಕಟಣೆಗಳ ಪುಟಗಳಲ್ಲಿ ನಮ್ಮಂತಹ ಮುಖಗಳು ವಿರಳ. ಆದರೆ ನಿಯಮ ಬದಲಾಯಿಸುವ ಮುನ್ನ ಈ ಇಲಾಖೆಗಳು ಸಾರ್ವಜನಿಕರ ಅಭಿಪ್ರಾಯ ಕೇಳುತ್ತವೆ, ಸಭೆ ನಡೆಸುತ್ತವೆ. ಆ ಸಭೆಗಳಲ್ಲಿ ಖಾಲಿ ಕುರ್ಚಿಗಳಿರುತ್ತವೆ. ಅವುಗಳಲ್ಲಿ ಕೆಲವು ನಮ್ಮವು. ಪರವಾನಗಿಯೂ ಇಲ್ಲ, ಹಾಜರಿಯೂ ಇಲ್ಲ, ಆದರೆ ದೂರು ಮಾತ್ರ ಇದೆ ಎಂದರೆ ಕೇಳುವವರಾರು?

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಗಾಳ ಹಿಡಿಯುವವರು ಪರವಾನಗಿಯಿಲ್ಲದೆ ಹಿಡಿಯಬಾರದು. ನಮ್ಮ ಈ ಎಲ್ಲ ರಾಜ್ಯಗಳಲ್ಲೂ 16 ವರ್ಷದೊಳಗಿನ ಮಕ್ಕಳಿಗೆ ಅದು ಬೇಕಿಲ್ಲ. ಅಪ್ಪ ಅಮ್ಮನಿಗೆ ಬೇಕು. ಪೊಟೊಮ್ಯಾಕ್ ತೀರದವರು ಇನ್ನಷ್ಟು ಎಚ್ಚರದಿಂದಿರಲಿ: ಒಂದೇ ನದಿ ವಾಷಿಂಗ್ಟನ್ ನಗರದ ಪಾಲಿಗೆ ಬಂದಾಗ ನಗರದ ಪರವಾನಗಿಯನ್ನೇ ಕೇಳುತ್ತದೆ. ಜಾರ್ಜಿಯಾದಲ್ಲಿ ಟ್ರೌಟ್ ಹಿಡಿಯುವವರಿಗೆ ಅದಕ್ಕೆಂದೇ ಇನ್ನೊಂದು ಪರವಾನಗಿ ಬೇಕು. ಗಾಳ ಹಿಡಿಯದವರು ಕಾಡಿನ ಋಣವೆಂದು ಭಾವಿಸಿ ಒಂದು ಪರವಾನಗಿ ಕೊಳ್ಳಲಿ. ಅದೂ ಮನಸ್ಸಿಗೆ ಒಪ್ಪದಿದ್ದರೆ ಅಂಚೆ ಕಚೇರಿಯಲ್ಲಿ 25 ಡಾಲರಿಗೆ ಸಿಗುವ ‘ಡಕ್ ಸ್ಟ್ಯಾಂಪ್’ ಕೊಳ್ಳಲಿ. 1934ರಿಂದ ನಡೆದುಬಂದ ಆ ಚೀಟಿಯ ಪ್ರತಿ ಡಾಲರಿನಲ್ಲಿ 98 ಸೆಂಟು ಜೌಗುನೆಲಗಳ ಸಂರಕ್ಷಣೆಗೆ ಹೋಗುತ್ತದೆ, ಅದಕ್ಕೆ ಯಾವ ಬಾತುಕೋಳಿಯನ್ನೂ ಕೊಲ್ಲಬೇಕಾಗಿಲ್ಲ. ಸೇನೆಯಲ್ಲಿರುವ ನಮ್ಮ ಮಕ್ಕಳು ತಮಗೆ ಸಲ್ಲುವ ಸೌಲಭ್ಯವನ್ನು ಸಂಕೋಚವಿಲ್ಲದೆ ಪಡೆಯಲಿ.

ವನಭೋಜನದ ಮೇಜಿನ ಸೂಚನೆಯನ್ನು ನಾವು ಹಿಂತೆಗೆದುಕೊಳ್ಳುತ್ತಿಲ್ಲ. ಸಂಘದ ಸರ್ವಸದಸ್ಯರ ಸಭೆಯ ಮುಂದೆ ಅದನ್ನು ಮತ್ತೆ ಇಡುತ್ತೇವೆ. ಒಪ್ಪದವರು ಅಲ್ಲಿಗೆ ಬಂದು ಒಪ್ಪದಿರುವುದಕ್ಕೆ ಕಾರಣ ಹೇಳಲಿ. ನಾವು ಗೌರವದಿಂದ ಕೇಳುತ್ತೇವೆ. ಆದರೆ ‘ಇದು ನಮ್ಮದಲ್ಲ’ ಎಂಬ ಒಂದು ಮಾತನ್ನು ಮಾತ್ರ ದಯವಿಟ್ಟು ಹೇಳಬೇಡಿ. ಈ ಕೆರೆಯ ದಂಡೆಯಲ್ಲಿ ನಮ್ಮ ಮಕ್ಕಳು ಈಜು ಕಲಿತಿದ್ದಾರೆ, ನಮ್ಮ ಅಜ್ಜಿ ತಾತಂದಿರು ಸಂಜೆಯ ಗಾಳಿ ಕುಡಿದಿದ್ದಾರೆ, ಪ್ರತಿ ಬೇಸಿಗೆಯಲ್ಲೂ ನಮ್ಮ ಎಲೆ ಬಿದ್ದಿದೆ. ಉಂಡವರು ಪಾಲು ಕೊಡಬೇಕು.

— ಸ್ವಯಂಸೇವಕ ಸಂಪಾದಕ ಬಳಗ